ಉಜ್ವಲಾ ಮಾವಶಿಯ ಡಬ್ಬಾ ಟಿವಿ

ನನ್ನ ಮಾವಶಿ, ಅಂದರೆ ಅವ್ವನ ತಂಗಿ ಉಜ್ವಲಾ, ಭೋಜ ಎಂಬ ಊರಿನಲ್ಲಿ ಅಂಗನವಾಡಿ ಶಿಕ್ಷಕಿ, ಆದರೆ ಮದುವೆಗೆ ಮೊದಲು ಆಕೆ ನಿಪ್ಪಾಣಿಯಲ್ಲಿ ಅಣ್ಣನ ವಿಡಿಯೊ ಗೇಮ್ ಅಂಗಡಿ ನೋಡಿಕೊಳ್ಳುತ್ತಿದ್ದಳು, ಗಿರಾಕಿಗಳು ಬರುವ ಮೊದಲು ಮಷಿನ್ ಸರಿ ಇದೆಯೋ ಎಂದು ನೋಡುವ ನೆಪದಲ್ಲಿ ದಿನಾ ತಾನೇ ಆಡುತ್ತಿದ್ದಳು, ವಿಮಾನದ ಆಟದಲ್ಲಿ ಆಕೆಯನ್ನು ಸೋಲಿಸಬಲ್ಲ ಗಂಡಸು ಆ ಅಂಗಡಿಗೆ ಬಂದೇ ಇರಲಿಲ್ಲವಂತೆ. ಇದೆಲ್ಲ ನನಗೆ ಗೊತ್ತಾದದ್ದೇ ಈ ರಜೆಯಲ್ಲಿ ಆಕೆಯ ಮನೆಗೆ ಬಂದಾಗ.

ಕೂಡಲೇ ಲ್ಯಾಪ್‌ಟಾಪಿಗೆ ಅದೇ ಆಟ ಹಾಕಿ, ಮನೆಯ ಎಲ್‌ಇಡಿ ಟಿವಿಗೆ ಜೋಡಿಸಿ, ಜಾಯ್‌ಸ್ಟಿಕ್ ಕೈಗೆ ಕೊಟ್ಟೆ. ಮಾವಶಿ ಮೊದಲನೇ ಹಂತವನ್ನೇ ದಾಟಲಿಲ್ಲ. ಮತ್ತೆ ಆಡಿದಳು, ಮತ್ತೆ ಸತ್ತಳು.

"ಹುಡುಗೂರ ಮೂಗ ಒರಸಿ ಒರಸಿ ಬೆರಳ ಸವದಾವ ಬಿಡ," ಎಂದರು ಆಕೆಯ ಅತ್ತೆ ಸುಂದರಾ ಆಜಿ.

ಮಾವಶಿ ನಗಲಿಲ್ಲ. "ನನ್ನ ಕೈ ಹೋತ್ರಿ ಅತ್ಯಾ. ಸುರಜ, ತಗೀಪಾ ಇದನ್ನ."

ಕೈ ಹೋಗಿಲ್ಲ, ತಪ್ಪು ಟಿವಿಯದು ಎಂದು ನನಗೆ ಅನಿಸಿತು. ಹೊಸ ಟಿವಿ ಚಿತ್ರವನ್ನು ಚಂದ ಮಾಡಿ ತೋರಿಸುವಷ್ಟರಲ್ಲಿ ಚೂರು ತಡವಾಗುತ್ತದೆ, ಬಟನ್ ಒತ್ತಿ ಕ್ಷಣ ಕಳೆದ ಮೇಲೆ ವಿಮಾನ ಅಲುಗುತ್ತದೆ. ಹಳೆ ಡಬ್ಬಾ ಟಿವಿಯಲ್ಲಿ ಆ ತಡ ಇಲ್ಲ. ಅದು ಮನೆಯಲ್ಲೇ ಇತ್ತು. ಮೇಲೆ ಬುದ್ಧನ ಮೂರ್ತಿ, ಅದರ ಪಕ್ಕದಲ್ಲಿ ದಿನವಿಡೀ ಬುದ್ಧವಂದನೆ ಹಾಡುವ ಪುಟ್ಟ ಸ್ಪೀಕರ್ ಡಬ್ಬಿ ಇದ್ದುದರಿಂದ ಯಾರೂ ಆ ಟಿವಿಯನ್ನು ಗುಜರಿಗೆ ಹಾಕಿರಲಿಲ್ಲ.

"ಮೂರ್ತಿ ಸರಸಂಗಿಲ್ಲ ನೋಡ," ಎಂದರು ಆಜಿ. "ಕೆಳಗ ಏನ್ ಬೇಕಾದ್ರ ಆಡ್ಕೋರಿ."

ಲ್ಯಾಪ್‌ಟಾಪನ್ನು ಡಬ್ಬಾ ಟಿವಿಗೆ ಜೋಡಿಸಲು ಬರುವುದಿಲ್ಲ, ಗೆಳೆಯ ನಿತಿನ ತನ್ನ ಹಳೆ ಕಂಪ್ಯೂಟರ್ ಕೊಟ್ಟ. ಅದರ ಗ್ರಾಫಿಕ್ಸ್ ಕಾರ್ಡಿನ ಹಿಂದೆ ಟಿವಿಗೆಂದೇ ಒಂದು ದುಂಡನೆಯ ಸಾಕೆಟ್ ಇತ್ತು, ಈಗಿನ ಕಾರ್ಡುಗಳಲ್ಲಿ ಅದು ಸಿಗುವುದಿಲ್ಲ. ಅಲ್ಲಿಂದ ಟಿವಿಯ ಹಳದಿ ತೂತಿಗೆ ವಾಯರ್ ಸೇರಿಸಿದೆ, ಚಿತ್ರ ಬಂತು, ನಾನು ಕುಣಿದೆ, ಆಮೇಲೆ ನೋಡಿದರೆ ಮೇಲಿನ ಎಡಮೂಲೆಯೆಲ್ಲ ನೇರಳೆ. ವೈರಿ ವಿಮಾನ ಅಲ್ಲಿ ಹೊಕ್ಕರೆ ಕಾಣದು. ಕಾರ್ಡೇ ಕೆಟ್ಟಿದೆ ಎಂದು ಅದರ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ, ವಾಯರ್ ಬದಲಿಸಿದೆ, ನಿತಿನನಿಗೆ ಫೋನಿನಲ್ಲೇ ಬೈದೆ.

"ಆಟದ ಸಪ್ಪಳರೆ ಕೇಳಬೇಕಲ್ಲೋ," ಎಂದು ಮಾವಶಿ ವಂದನೆಯ ಡಬ್ಬಿಯನ್ನು ಎತ್ತಿ ಕಿಟಕಿಯಲ್ಲಿಟ್ಟಳು. ನೇರಳೆ ಅರ್ಧ ಕರಗಿತು. ಸ್ಪೀಕರಿನೊಳಗಿನ ಅಯಸ್ಕಾಂತ ಬಣ್ಣವನ್ನು ಎಳೆಯುತ್ತಿತ್ತು. ಟಿವಿ ಆರಿಸಿ ಮತ್ತೆ ಹಚ್ಚಿದಾಗ ಉಳಿದ ಕಲೆಯೂ ಹೋಯಿತು.

ಮಾವಶಿ ಸೆರಗು ಸಿಕ್ಕಿಸಿ ನೆಲದ ಮೇಲೆ ಕುಳಿತಳು. ಮೊದಲ ಹಂತ ಹೋಯಿತು, ಎರಡನೆಯದು ಹೋಯಿತು, ಬೆರಳು ಒತ್ತಿದ ಕ್ಷಣವೇ ವಿಮಾನ ತಿರುಗುತ್ತಿತ್ತು. ಐದನೆಯದರಲ್ಲಿ ಗುಂಡು ತಗಲಿತು.

"ಸತ್ತ್ಯಾ?" ಆಜಿ ಕೇಳಿದರು.

"ಸತ್ನಿರಿ. ಬಲಕ್ಕ ಹೋಗಬೇಕಾಗಿತ್ತು, ಪಾಯಿಂಟಿನ ಆಸೆಕ್ಕ ಬಿದ್ದ ಎಡಕ್ಕ ಹೋದ್ನಿ." ಮಾವಶಿ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು. "ಕೈದ್ದೇನೂ ತಪ್ಪಿಲ್ಲ. ಅತ್ಯಾ, ಇವತ್ತ ರೊಟ್ಟಿ ನೀವ ಬಡೀತೀರೇನ್ರಿ?"