ಶಿವರಾಮು ಹಾಕಿದ ಸಹಿ

ಹೆಂಡತಿ ತೀರಿಕೊಂಡ ಮೂರು ವರ್ಷಗಳಲ್ಲಿ ಶಿವರಾಮು ಮಗಳ ಶಾಲೆಯಿಂದ ಬಂದ ಒಂದು ಕಾಗದವನ್ನೂ ಸಹಿ ಹಾಕದೆ ಹಿಂದಿರುಗಿಸಿದವನಲ್ಲ. ಮಂಡ್ಯ ಕಡೆಯ ಹಳ್ಳಿಶಾಲೆಯಲ್ಲಿ ಓದಿ, ಈಗ ಅಮೆರಿಕದ ನೆವಾರ್ಕಿನಲ್ಲಿ ಎಂಜಿನಿಯರ್ ಆಗಿರುವ ಈ ಮನುಷ್ಯನಿಗೆ ಸಹಿ ಎಂದರೆ ಒಪ್ಪಿಗೆ, ಅಷ್ಟೇ. ಆಫೀಸಿನಲ್ಲಿ ಒಂದು ಸಾಲು ಕೋಡನ್ನು ಹತ್ತು ಸಲ ನೋಡುವವನು ಶಾಲೆಯ ಕಾಗದದಲ್ಲಿ ಮಾತ್ರ ಗೆರೆ ಕಂಡಲ್ಲಿ ಗೀಚಿಬಿಡುತ್ತಿದ್ದ. ಓದುವ ಗೊಡವೆಗೇ ಹೋಗುತ್ತಿರಲಿಲ್ಲ.

ಈ ವರ್ಷ ಬಂದ ಒಂದು ಕಾಗದವೂ ಹಾಗೆಯೇ ಸಹಿಯಾಗಿ ಹೋಯಿತು. ಐದನೇ ತರಗತಿಯ ಮಕ್ಕಳಿಗೆ ಮೈನೆರೆಯುವುದು, ದೇಹದ ಬದಲಾವಣೆ, ಆರೋಗ್ಯ ಇವುಗಳ ಬಗ್ಗೆ ಮೂರು ದಿನ ಪಾಠ; ಹುಡುಗ ಹುಡುಗಿಯರು ಒಟ್ಟಿಗೇ ಕೂತು ಕೇಳುತ್ತಾರೆ; ನಿಮ್ಮ ಮಗುವಿಗೆ ಬೇಡವಾದರೆ ಮಾತ್ರ ಸಹಿ ಹಾಕಿ ಎಂದು ಅದರಲ್ಲಿತ್ತು.

ಆ ಮೂರು ದಿನವೂ ಮಗಳು ಹೇಮಶ್ರೀ ಒಬ್ಬಳೇ ಲೈಬ್ರರಿಯಲ್ಲಿ ಕೂತಳು. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಮರುವಾರ ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್, ನಿಮ್ಮ ನಿರ್ಧಾರವನ್ನು ಗೌರವಿಸಿದ್ದೇವೆ ಎಂದಾಗ, ಯಾವ ನಿರ್ಧಾರ ಎಂದು ಶಿವರಾಮು ಕೇಳಿದ. ಅವರು ಕಾಗದ ತೋರಿಸಿದರು. ಅವನದೇ ಸಹಿ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಅಕ್ಕ ತಾಯಮ್ಮ ನೆನಪಾದಳು. ಹಳ್ಳಿಶಾಲೆಯ ಮೇಷ್ಟ್ರು ಆ ಪಾಠ ಬಂದೊಡನೆ ಹಾಳೆ ಮಗುಚಿ, ಮನೆಯಲ್ಲಿ ಓದಿಕೊಳ್ಳಿ ಎನ್ನುತ್ತಿದ್ದರು. ಮನೆಯಲ್ಲಿ ಓದಿಸುವವರು ಯಾರು? ಮೊದಲ ಸಲ ಮುಟ್ಟಾದಾಗ ಅಕ್ಕ ತನಗೇನೋ ದೊಡ್ಡ ಕಾಯಿಲೆ ಬಂದಿದೆ, ಇನ್ನು ಉಳಿಯುವುದಿಲ್ಲ ಎಂದುಕೊಂಡು ಎರಡು ದಿನ ಹುಲ್ಲಿನ ಮೆದೆಯ ಹಿಂದೆ ಅತ್ತಿದ್ದಳು. ಇಷ್ಟು ದೂರ ಬಂದ ಮೇಲೆ, ನಾವು ಹೇಳಿಕೊಡುತ್ತೇವೆ ಎಂದು ಶಾಲೆಯೇ ಮುಂದೆ ಬಂದಾಗ, ಹಾಳೆ ಮಗುಚಿದವನು ತಾನೇ. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಟೀಚರ್ ಕೊಟ್ಟಿದ್ದ ಆ ಪಾಠದ ಪುಸ್ತಿಕೆಯನ್ನು ಊಟದ ಟೇಬಲ್ಲಿನ ಮೇಲಿಟ್ಟು ಮಗಳನ್ನು ಕರೆದ. ಓದದೆ ಸಹಿ ಹಾಕಿದೆ, ತಪ್ಪು ನನ್ನದೇ, ಇಬ್ಬರೂ ಕೂತು ಓದೋಣ ಎಂದ. ಅಷ್ಟು ಹೇಳುವಷ್ಟರಲ್ಲಿ ಬೆವತುಹೋಗಿದ್ದ.

ಹೇಮಶ್ರೀ ಪುಸ್ತಿಕೆಯನ್ನು ಮುಟ್ಟಲಿಲ್ಲ.

"ನಂಗೆ ಲಾಸ್ಟ್ ವೀಕೇ ಸ್ಟಾರ್ಟ್ ಆಯ್ತು ಅಪ್ಪಾ," ಎಂದಳು. "ಲೈಬ್ರರೀಲಿ ಇದ್ದಾಗ್ಲೇ. ಬಟ್ ಯೂ ಸೈನ್ಡ್ ಇಟ್. ಅದ್ರ ಬಗ್ಗೆ ಮಾತಾಡೋದು ನಿಂಗೆ ಇಷ್ಟ ಇಲ್ಲ ಅನ್ಕೊಂಡೆ."

ಶಿವರಾಮು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಅವನ ಮನೆಯ ಯಾವ ಗಂಡಸೂ ಯಾವ ಹೆಣ್ಣುಮಗಳನ್ನೂ ಕೇಳಿರದ ಮಾತನ್ನು ಕೇಳಿದ.

"ಹೊಟ್ಟೆ ನೋವು ಬಂದಿತ್ತಾ ಪುಟ್ಟಾ?"

ಹೂಂ ಎಂದು ತಲೆಯಾಡಿಸಿದ ಹೇಮಶ್ರೀ ಅಪ್ಪನ ಹೆಗಲಿಗೆ ಮುಖವಿಟ್ಟು ಅತ್ತಳು.