ರಾಕ್ಷಸರಾಜ ಕಾರ್ವೋಥನ ಮಾತು
ತಾನು ಬಾಯಿ ತೆರೆದೊಡನೆ ಆಟಗಾರರು ಗುಂಡಿ ಒತ್ತಿ ಮಾತನ್ನೇ ಹಾರಿಸಿಬಿಡುತ್ತಾರೆಂಬ ಸಿಟ್ಟು ವಿಡಿಯೋ ಗೇಮಿನ ಖಳ, ರಾಕ್ಷಸರಾಜ ಕಾರ್ವೋಥನಿಗೆ ಇನ್ನೂ ಆರಿಲ್ಲ. ಆಟದ ಪ್ರತಿ ಹೊಸ ಭಾಗದಲ್ಲೂ ಕಲ್ಲಿನ ನಿದ್ದೆಯಿಂದೆದ್ದು, ಕೊಂಬು ತಿಕ್ಕಿಸಿಕೊಂಡು, ಸಿಂಹಾಸನದ ಮೇಲೆ ಗಹಗಹಿಸುತ್ತಾನೆ. ತನ್ನನ್ನು ಕೊಲ್ಲಬರುವ ವೀರನಿಗೆಂದು ಬಾಗಿಲಲ್ಲೇ ಮದ್ದಿನ ಸೀಸೆ ಇಡಿಸುವುದು ಅವನ ಕೋಟೆಯ ಸಂಪ್ರದಾಯ. "ಶತ್ರುಗೆ ಔಷ್ಧಿ ಇಡೋ ದೊರೆ ನೀವೊಬ್ರೇ ಬುದ್ಧೀ!" ಎಂದು ಬಾಗಿಲು ಕಾಯುವ ಮುದುಕ ನಿಬ್ಬಾರ್ ಗೊಣಗುತ್ತಾನೆ. "ಮುಚ್ಕೊಂಡು ಇಡೋ, ಮುದಿಗೂಬೆ!" ಎಂದು ದೊರೆ ಗದರುತ್ತಾನೆ. ವೀರ ಬಂದಾಗ ಮೊದಲು ಸಾಯುವವನು ನಿಬ್ಬಾರನೇ. "ಒಂದ್ಸಲ ಮಗಳ ಮುಖ ತೋರ್ಸಿ ಬುದ್ಧೀ" ಎನ್ನುತ್ತಾ ಕಣ್ಣು ಮುಚ್ಚುತ್ತಾನೆ. "ತೋರಿಸ್ತೀನಿ ಕಣೋ" ಎಂದು ದೊರೆ ಮಾತು ಕೊಡುತ್ತಾನೆ. ಮುಂದಿನ ಭಾಗದಲ್ಲಿ ನಿಬ್ಬಾರ್ ಏನೂ ನೆನಪಿಲ್ಲದೆ, ಹೊಸಬನಂತೆ ಕೈಮುಗಿಯುತ್ತಾನೆ. ನೆನಪೆಲ್ಲ ದೊರೆಯೊಬ್ಬನ ಪಾಲಿಗೇ. ಕೊಟ್ಟ ಮಾತಿನ ಋಣ ತೀರುವಂತೆಯೂ ಇಲ್ಲ, ಆಟ ಕಟ್ಟಿದವರು ಆ ಮಗಳನ್ನು ಯಾವ ಭಾಗದಲ್ಲೂ ಸೃಷ್ಟಿಸಲೇ ಇಲ್ಲ.