ಬೀಗರ ಮನೆಯ ಅಕ್ಕಿಯಲ್ಲಿ ತೇಲಿದ ಪ್ಲಾಸ್ಟಿಕ್

ಮಸ್ಕಿಯ ಬೀಗರ ಮನೆಯಲ್ಲಿ ಈಗ ನನಗೊಂದು ಹೊಸ ಹೆಸರಿದೆ. ಪ್ಲಾಸ್ಟಿಕ್ ಮಾಸ್ತರು! ಎದುರಿಗೆ ಯಾರೂ ಅನ್ನುವುದಿಲ್ಲ. ನಾನು ಹೊಸ್ತಿಲು ದಾಟಿದ ಕೂಡಲೇ ಅಡುಗೆಮನೆಯಲ್ಲಿ ಏಳುವ ಕಿಸಿಕಿಸಿ ನಗೆಯಿಂದಲೇ ಗೊತ್ತಾಗುತ್ತದೆ.

ಹೆಸರು ಪುಕ್ಕಟೆ ಬಂದದ್ದಲ್ಲ, ನಾನೇ ಕಷ್ಟಪಟ್ಟು ಸಂಪಾದಿಸಿದ್ದು. ಮಗಳು ಸುಧಾ ಬಸುರಿ. ಅವಳನ್ನು ನೋಡಲು ಸಿಂಧನೂರಿನಿಂದ ಹಣ್ಣಿನ ಚೀಲ ಹಿಡಿದು ಹೋಗಿದ್ದೆ. ಅವಳ ಅತ್ತೆ ಶಾಂತಮ್ಮ ರೇಷನ್ ಅಕ್ಕಿ ತೊಳೆಯುತ್ತಿದ್ದರು. ನೀರಿನ ಮೇಲೆ ಕೆಲವು ಕಾಳು ತೇಲುತ್ತಿದ್ದವು. ಬಣ್ಣವೂ ಉಳಿದವುಗಳಿಗಿಂತ ಬೇರೆ. (ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವನ ಕಣ್ಣಿಗೆ ಇಷ್ಟಾದರೂ ಬೀಳಬೇಡವೇ?)

"ಅಕ್ಕಾರ, ಇದು ಅಕ್ಕಿ ಅಲ್ರಿ. ಪ್ಲಾಸ್ಟಿಕ್ ಐತಿ," ಅಂದೆ.

"ಖರೇನ್ರಿ? ದಿನಾ ಇದನ್ನ ಉಣ್ಣಾಕತ್ತೀವಲ್ರಿ," ಅಂದರು ಶಾಂತಮ್ಮ ಗಾಬರಿಯಾಗಿ.

ಸುಧಾ ಮಾತ್ರ, "ಅಪ್ಪಾ, ಪ್ಲಾಸ್ಟಿಕ್ ಕುದಿಸಿದ್ರ ಅನ್ನ ಆಗ್ತೈತೇನು?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಉತ್ತರ ಕೊಟ್ಟೆನೇ? ಇಲ್ಲ, ಪಾಠ ಮಾಡಿದೆ. ಒಂದೇ ವಸ್ತು ಇದ್ದರೆ ಶುದ್ಧ, ಇನ್ನೊಂದು ಸೇರಿದರೆ ಮಿಶ್ರಣ, ಮಿಶ್ರಣವನ್ನು ಬೇರ್ಪಡಿಸಬೇಕು, ಅಂದರೆ ತೇಲುವ ಕಾಳು ಆರಿಸಿ ಎಸೆಯಬೇಕು. ವಾಟ್ಸಾಪ್‌ನಲ್ಲಿ ನೋಡಿದ ಹಾಗೆ ಅನ್ನದ ಉಂಡೆ ಕಟ್ಟಿ ನೆಲಕ್ಕೆ ಬಡಿದೆ. ಪುಟಿಯಿತು! (ನಮ್ಮ ಮನೆಯ ಸೋನಾ ಮಸೂರಿ ಅನ್ನವೂ ಪುಟಿಯುತ್ತದೆ. ಅದನ್ನು ಬಡಿದು ನೋಡಿದ್ದು ಆಮೇಲೆ.) ಭತ್ತದ ಸೀಮೆಯವನು, ದಢೇಸುಗೂರಿನ ಗದ್ದೆ ನೋಡುತ್ತ ಬೆಳೆದವನು, ನನಗೆ ಅಕ್ಕಿಯ ವಿಷಯ ಯಾರು ಹೇಳಬೇಕು?

ತೇಲಿದ ಕಾಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು, "ಲ್ಯಾಬಿನಾಗ ಟೆಸ್ಟ್ ಮಾಡಿ ಹೇಳ್ತೀನಿ," ಎಂದು ಗತ್ತಿನಿಂದ ಹೊರಟೆ. ಲ್ಯಾಬಿನಲ್ಲಿ ಅವನ್ನು ಬಾಟಲಿಗೆ ಹಾಕಿ, 'ಪ್ಲಾಸ್ಟಿಕ್' ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ. ಟೆಸ್ಟ್? ಚೀಟಿ ಅಂಟಿಸಿದ ಮೇಲೆ ಟೆಸ್ಟ್ ಯಾಕೆ ಬೇಕು?

ಮುಂದಿನ ತಿಂಗಳು ಸುಧಾಳನ್ನು ತಪಾಸಣೆಗೆ ಲಿಂಗಸುಗೂರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲೇ ಅವಳಿಗೆ ಏದುಸಿರು. ಮುಖ ಬಿಳಿಚಿಕೊಂಡಿತ್ತು. ರಿಪೋರ್ಟ್ ನೋಡಿದ ಡಾಕ್ಟರಮ್ಮ, "ರಕ್ತ ಭಾಳ ಕಡಿಮಿ ಐತಿ. ಊಟಕ್ಕ ಏನು ಕೊಡ್ತೀರಿ?" ಅಂದರು.

ಶಾಂತಮ್ಮ ಮುಂದೆ ಬಂದು, "ಎಲ್ಲಾ ಚಲೋದ ಕೊಡ್ತೀನ್ರಿ. ಅಕ್ಕಿಯಾಗಿನ ಪ್ಲಾಸ್ಟಿಕ್ ಕಾಳು ಒಂದೂ ಬಿಡದಂಗ ಆರಿಸಿ ಒಗಿತೀನಿ. ನಮ್ಮ ಬೀಗರು ಕೆಮಿಸ್ಟ್ರಿ ಮಾಸ್ತರು, ಅವರೇ ಹೇಳ್ಯಾರ್ರಿ," ಅಂದು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು.

ಡಾಕ್ಟರಮ್ಮ ನನ್ನನ್ನೇ ನೋಡಿದರು.

"ಸರ್, ಅದು ಪ್ಲಾಸ್ಟಿಕ್ ಅಲ್ರಿ. ಅಕ್ಕಿಹಿಟ್ಟಿನಾಗ ಕಬ್ಬಿಣದ ಅಂಶ, ವಿಟಮಿನ್ ಕಲಸಿ ಕಾಳಿನಂಗ ಮಾಡಿರ್ತಾರ. ಇಂಥಾ ಹುಡುಗ್ಯಾರಿಗೆ ರಕ್ತ ಆಗಲಿ ಅಂತನ ರೇಷನ್ ಅಕ್ಕಿಗೆ ಬೆರಸ್ತಾರ."

ಬರೀ ಇದರಿಂದಲೇ ರಕ್ತ ಕಡಿಮೆಯಾಗಿಲ್ಲ, ಗುಳಿಗೆ ನುಂಗಿದರೆ ಸರಿಹೋಗುತ್ತದೆ ಎಂದು ಸಮಾಧಾನವನ್ನೂ ಹೇಳಿದರು. ಅದು ನನ್ನ ಕಿವಿಗೆ ಬಿದ್ದರೆ ತಾನೇ? ನಾಚಿಕೆಗಿಂತ ಹೆಚ್ಚು ಹೆದರಿಕೆಯಾಗಿತ್ತು. ಬಸುರಿ ಮಗಳ ತಟ್ಟೆಯಿಂದ ಕಬ್ಬಿಣ ಆರಿಸಿ ತೆಗೆಸಿದ ಅಪ್ಪ ನಾನು, ಅದೂ ಡಿಗ್ರಿ ಇಟ್ಟುಕೊಂಡು.

ಮಸ್ಕಿ ಬಸ್ಸಿನಲ್ಲಿ ಸುಧಾ ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಮಲಗಿದ್ದಾಳೆ ಅಂದುಕೊಂಡೆ.

"ಅಪ್ಪಾ, ಟೆಸ್ಟ್ ಮಾಡ್ತೀನಂತ ಒಯ್ದಿದ್ದಿಯಲ್ಲ. ಏನ್ ಬಂತು?" ಅಂದಳು.



ಮರುದಿನ ಲ್ಯಾಬಿನ ಕಪಾಟಿನಿಂದ ಬಾಟಲಿ ಇಳಿಸಿದೆ. ಕಾಳುಗಳನ್ನು ಸುಟ್ಟೆ. ಸೀದ ಅನ್ನದ ವಾಸನೆ ಬಂತು, ಪ್ಲಾಸ್ಟಿಕ್ಕಿನದಲ್ಲ. ಬೂದಿಯನ್ನು ಆಸಿಡ್‌ನಲ್ಲಿ ಕರಗಿಸಿ, ಸೋಸಿ, ಥಯೋಸಯನೇಟ್ ದ್ರಾವಣದ ಹನಿ ಬಿಟ್ಟೆ. ಕಬ್ಬಿಣವಿದ್ದರೆ ರಕ್ತದ ಹಾಗೆ ಕೆಂಪಾಗುತ್ತದೆ. ವರ್ಷ ವರ್ಷವೂ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ ಪರೀಕ್ಷೆ.

ಟೆಸ್ಟ್ ಟ್ಯೂಬು ಕೆಂಪಾಯಿತು. ಆ ಕೆಂಪು ನನ್ನ ಮಗಳ ಮುಖದಲ್ಲಿ ಇರಬೇಕಿತ್ತಲ್ಲವೇ?